ನಾಲ್ಕು ಕೆರೆಗೂ ಎರಡೇ ಬೂಟಾ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪ್ರವಾಸ ಪುಟ ನೋಡಿದೆ. ಹಿಮನದಿ ಕರಗಿ ಆದ ನಾಲ್ಕು ನೀಲಿ ಕೆರೆಗಳು, ಪುಟದ ತುಂಬ ಚಿತ್ರ. ಪೆರುವಿನ ಲಗೂನಾ 69, ಅರ್ಜೆಂಟೀನಾದ ಲಗೂನಾ ದೆ ಲೋಸ್ ತ್ರೆಸ್, ಕೆನಡಾದ ಮೊರೇನ್ ಲೇಕ್, ಐಸ್‌ಲ್ಯಾಂಡಿನ ಯೊಕುಲ್ಸಾರ್ಲೋನ್. ಚಿತ್ರಗಳು ಕಣ್ಣಿಗೆ ಹಬ್ಬ, ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ಇರುವುದು ಪ್ರತಿ ಚಿತ್ರದ ಕೆಳಗೆ ಹಾಕಿರುವ ಆ ಪುಟ್ಟ ಬೂಟಿನ ಗುರುತಿನ ಮೇಲೆ. ಒಂದು ಬೂಟು ಅಂದರೆ ಸುಲಭ, ಎರಡು ಅಂದರೆ ಸಾಧಾರಣ, ಮೂರು ಅಂದರೆ ಕಷ್ಟ ಅಂತ ಮೂಲೆಯಲ್ಲಿ ವಿವರಣೆ ಬೇರೆ ಇದೆ. ನಾಲ್ಕು ಕೆರೆಗೂ ಎರಡೆರಡು ಬೂಟು. ಜೊತೆಗೆ, ಯಾರು ಬೇಕಾದರೂ ಒಂದು ದಿನದಲ್ಲಿ ಹೋಗಿ ಬರಬಹುದು ಅನ್ನುವ ಸಾಲು. ಎತ್ತರ ಎಷ್ಟು ಅಂತ ಇಡೀ ಪುಟದಲ್ಲಿ ಎಲ್ಲೂ ಇಲ್ಲ.

ಈ ನಾಲ್ಕರಲ್ಲಿ ಒಂದಕ್ಕೆ ನಾನು ಮಗಳ ಜೊತೆ ಹೋಗಿದ್ದೇನೆ. ಎರಡು ಸಲ. ಯಾಕಂದರೆ ಮೊದಲ ಸಲ ಕೆರೆ ಕಾಣದೆ ವಾಪಸ್ ಬಂದೆವು. ಅವತ್ತು ನಾವು ಓದಿಕೊಂಡು ಹೋಗಿದ್ದೂ ಇಂಥದ್ದೇ ಒಂದು ಲೇಖನ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಜಾಗ ಸಾಲದೆ ಕತ್ತರಿ ಹಾಕುವುದಾದರೆ ನನ್ನ ಕಥೆಗೆ ಹಾಕಿ, ಎತ್ತರದ ಅಂಕಿಗಳನ್ನು ಮಾತ್ರ ಮುಟ್ಟಬೇಡಿ.

ಲಗೂನಾ 69 ಇರುವುದು ಕೊರ್ದಿಯೇರಾ ಬ್ಲಾಂಕಾ ಅನ್ನುವ ಹಿಮದ ಬೆಟ್ಟಸಾಲಿನಲ್ಲಿ, ಹುವಸ್ಕರಾನ್ ರಾಷ್ಟ್ರೀಯ ಉದ್ಯಾನದ ಒಳಗೆ. ಎತ್ತರ ಸುಮಾರು 4,600 ಮೀಟರ್. ಹೆಸರು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆ ಉದ್ಯಾನದಲ್ಲಿ ನೂರಾರು ಕೆರೆಗಳಿವೆ. ಪಟ್ಟಿ ಮಾಡುವಾಗ ಹೆಸರಿಲ್ಲದ ಕೆರೆಗಳಿಗೆ ಸುಮ್ನೆ ನಂಬರ್ ಕೊಟ್ಟುಕೊಂಡು ಹೋದರು, ಇದರ ಪಾಲಿಗೆ 69 ಬಂತು. ಈಗ ಹೆಸರಿರುವ ಎಷ್ಟೋ ಕೆರೆಗಳಿಗಿಂತ ಈ ನಂಬರಿಗೇ ಜಾಸ್ತಿ ಜನ.

ಅಲ್ಲಿಗೆ ಹೋಗುವವರು ಉಳಿದುಕೊಳ್ಳುವ ಊರು ಹುವರಾಸ್. ಅದು ಸುಮಾರು 3,050 ಮೀಟರ್ ಎತ್ತರದಲ್ಲಿದೆ. ರಾಜಧಾನಿ ಲಿಮಾ ಇರುವುದು ಸಮುದ್ರದ ದಂಡೆಯಲ್ಲಿ. ಲಿಮಾದಲ್ಲಿ ರಾತ್ರಿ ಬಸ್ಸು ಹತ್ತಿದರೆ ಎಂಟು ಗಂಟೆ ನಿದ್ದೆ, ಬೆಳಗಾಗುವಷ್ಟರಲ್ಲಿ ಹುವರಾಸ್. ನಿದ್ದೆಯಲ್ಲೇ ಮೂರು ಸಾವಿರ ಮೀಟರ್ ಏರಿರುತ್ತೀರಿ, ಗೊತ್ತೇ ಆಗುವುದಿಲ್ಲ. ಅವತ್ತು ಸಂಜೆ ಟಿಕೆಟ್ ಮಾಡಿಸಿ, ಮಾರನೇ ದಿನ ಬೆಳಗ್ಗೆ ಐದಕ್ಕೆ ವ್ಯಾನ್ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ 4,600 ಮೀಟರಿನಲ್ಲಿ ಇರಬೇಕು. ಅಂದರೆ ಸುಮಾರು ಒಂದೂವರೆ ದಿನದಲ್ಲಿ ಸಮುದ್ರದ ದಂಡೆಯಿಂದ ಅಲ್ಲಿಗೆ. ರಜೆ ಕಡಿಮೆ ಇರುವ ಎಷ್ಟೋ ಜನ ಹೀಗೇ ಮಾಡುತ್ತಾರೆ. ನಾವೂ ಇದನ್ನೇ ಮಾಡಿದೆವು.

ಟೂರಿನವರ ಮೇಜಿನ ಮುಂದೆ ಕೂತಿದ್ದು ಚೆನ್ನಾಗಿ ನೆನಪಿದೆ. ಪಾಸ್‌ಪೋರ್ಟ್ ನಂಬರ್ ಕೇಳಿದರು. ಹೋಟೆಲ್ ಯಾವುದು ಅಂತ ಕೇಳಿದರು. ಬೆಳಗಿನ ತಿಂಡಿಗೆ ಮೊಟ್ಟೆ ಬೇಕಾ ಬೇಡ್ವಾ ಅಂತಲೂ ಕೇಳಿದರು. ಹುವರಾಸಿಗೆ ಯಾವತ್ತು ಬಂದಿರಿ ಅನ್ನುವ ಒಂದು ಪ್ರಶ್ನೆ ಮಾತ್ರ ಕೇಳಲಿಲ್ಲ. ಯಾವ ಟೂರಿನವರು ಅಂತ ಬರೆಯುವುದಿಲ್ಲ, ನನ್ನ ಜಗಳ ಅವರ ಜೊತೆ ಅಲ್ಲ. ಅವರು ಕೇಳಬೇಕಿತ್ತು ನಿಜ, ಆದರೆ ಕೇಳಿದ್ದರೂ ನಾನು 'ಇವತ್ತು ಬೆಳಗ್ಗೆ' ಅಂತ ಹೇಳಿ ನಕ್ಕು ಟಿಕೆಟ್ ತಗೊಂಡು ಬರುತ್ತಿದ್ದೆ. ಎತ್ತರ ಅಂದರೆ ಏನು ಅಂತ ನನಗೇ ಗೊತ್ತಿರಲಿಲ್ಲ. ಬೆಟ್ಟ ಹತ್ತುವುದು ಕಾಲಿನ ಕೆಲಸ ಅಂದುಕೊಂಡಿದ್ದೆ.

ಮಗಳಿಗೆ ಆಗ ಹತ್ತೊಂಬತ್ತು. ದಿನಾ ಬೆಳಗ್ಗೆ ಓಡುವ ಹುಡುಗಿ. ಹತ್ತು ಕಿಲೋಮೀಟರ್ ಓಡಿ ಬಂದು ಮತ್ತೆ ಮೆಟ್ಟಿಲನ್ನು ಎರಡೆರಡಾಗಿ ಹತ್ತುವವಳು. ನನಗೆ ಐವತ್ತೆರಡು, ಹೊಟ್ಟೆ ಸ್ವಲ್ಪ ಮುಂದೆ. ದಾರಿಯಲ್ಲಿ ಯಾರಿಗಾದರೂ ತೊಂದರೆ ಆದರೆ ಅದು ನನಗೇ ಅಂತ ಇಬ್ಬರೂ ಗ್ಯಾರಂಟಿ ಮಾಡಿಕೊಂಡಿದ್ದೆವು.

ನಡಿಗೆ ಶುರುವಾಗುವುದು ಸೆಬೋಯಾಪಾಂಪಾ ಅನ್ನುವ ಬಯಲಿನಿಂದ. ಅದೇ 3,900 ಮೀಟರ್ ಹತ್ತಿರ ಇದೆ. ಹೋಗೋದು ಸುಮಾರು ಏಳು ಕಿಲೋಮೀಟರ್, ಬರೋದು ಅಷ್ಟೇ. ಕಾಗದದ ಮೇಲೆ ನೋಡಿದರೆ ಏನೂ ಅಲ್ಲ. ಮೊದಲ ಒಂದು ಗಂಟೆಯಂತೂ ಹೊಳೆಯ ಪಕ್ಕ ಸಮತಟ್ಟು ದಾರಿ, ಎರಡೂ ಕಡೆ ಹುಲ್ಲು, ಹಸುಗಳು ನಮ್ಮ ಕಡೆ ತಲೆ ಎತ್ತಿಯೂ ನೋಡದೆ ಮೇಯುತ್ತಿದ್ದವು. ಕೆನ್ಯುವಲ್ ಅನ್ನುವ ಮರಗಳಿವೆ, ಅವುಗಳ ತೊಗಟೆ ಕೆಂಪಗೆ, ತೆಳ್ಳಗೆ, ಪದರ ಪದರವಾಗಿ ಸುಲಿದು ಗಾಳಿಗೆ ಪಟಪಟ ಅನ್ನುತ್ತಿರುತ್ತದೆ. ಮುಟ್ಟಿದರೆ ಹಳೇ ಪುಸ್ತಕದ ಹಾಳೆ ಮುಟ್ಟಿದ ಹಾಗೆ. ಇಷ್ಟು ಎತ್ತರದಲ್ಲಿ ಬೆಳೆಯುವ ಮರಗಳು ಜಗತ್ತಿನಲ್ಲೇ ಕಡಿಮೆ. ಮಗಳು ಮುಂದೆ ಮುಂದೆ ಹೋಗಿ ಫೋಟೋ ತೆಗೆಯುತ್ತ, ನಿಂತು, 'ಅಪ್ಪಾ ಬೇಗ' ಅಂತ ಕೂಗುತ್ತಿದ್ದಳು.

ಆಮೇಲೆ ಅಂಕುಡೊಂಕು ಏರು ಶುರುವಾಯಿತು. ಎರಡನೇ ತಿರುವಿನಲ್ಲಿ ಅವಳು ನನ್ನ ಪಕ್ಕ ಬಂದಳು. ಐದನೆಯದರಲ್ಲಿ ಹಿಂದೆ ಬಿದ್ದಳು. 'ತಲೆ ಯಾಕೋ ಭಾರ ಆಗ್ತಿದೆ' ಅಂದಳು. ನಾನು ನೀರು ಕೊಟ್ಟೆ, ರಾತ್ರಿ ನಿದ್ದೆ ಸರಿಯಾಗಿಲ್ಲ, ಬಿಸಿಲು ಬೇರೆ, ಟೋಪಿ ಹಾಕ್ಕೋ ಅಂದೆ. ನಿಮ್ಮ ಓದುಗರು ಈ ಪತ್ರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ. ಅಷ್ಟು ಎತ್ತರದಲ್ಲಿ ತಲೆನೋವು ಬಂದರೆ ಅದು ಎತ್ತರದ್ದೇ ಅಂತ ಮೊದಲು ಲೆಕ್ಕಕ್ಕೆ ಹಿಡಿಯಬೇಕು. ಬಿಸಿಲು, ನಿದ್ದೆ, ಹಸಿವು ಎಲ್ಲ ಆಮೇಲೆ. ನಾನು ತಿರುಗಾಮುರುಗಾ ಮಾಡಿದೆ.

ಏರು ಮುಗಿದಲ್ಲಿ ಒಂದು ಸಣ್ಣ ಕೆರೆ ಸಿಗುತ್ತದೆ. ತುಂಬಾ ಜನ ಅದನ್ನೇ 69 ಅಂದುಕೊಂಡು ಬ್ಯಾಗ್ ಇಳಿಸುತ್ತಾರಂತೆ. ನಾವೂ ಇಳಿಸಿದೆವು. ಗೈಡ್ ನಕ್ಕು ಮುಂದಕ್ಕೆ ಕೈ ತೋರಿಸಿದ. ಮುಂದೆ ಒಂದು ಬಯಲು, ಅದರಾಚೆ ಗೋಡೆಯ ಹಾಗೆ ಇನ್ನೊಂದು ಏರು, ಅದರಲ್ಲಿ ಇರುವೆಸಾಲಿನ ಹಾಗೆ ಜನ. ಬಯಲಿನ ಅಂಚಿನಲ್ಲಿ ಮಗಳು ಕಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಬಿಚ್ಚಿಹೋಗಿದ್ದ ಬೂಟಿನ ಲೇಸ್ ಕಟ್ಟಲು ಬಗ್ಗಿದಳು. ಒಂದು ಕುಣಿಕೆ ಮಾಡಿದಳು, ಬಿಟ್ಟಳು. ಮತ್ತೆ ಮಾಡಿದಳು. ಮೂರನೇ ಸಲ ಲೇಸನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಅದನ್ನೇ ನೋಡುತ್ತ ಕೂತಳು. ನನಗೆ ಭಯ ಆಗಿದ್ದು ವಾಂತಿ ನೋಡಿ ಅಲ್ಲ, ಆ ಲೇಸ್ ನೋಡಿ.

ನಮ್ಮ ಗುಂಪಿನ ಗೈಡ್ ಒಳ್ಳೆಯವನೇ. ಕೊಕಾ ಎಲೆ ಕೊಟ್ಟು, 'ಸೊರೊಚೆ, ಸೊರೊಚೆ' ಅಂದ. ಎತ್ತರದ ಕಾಯಿಲೆಗೆ ಅಲ್ಲಿಯವರ ಮಾತು ಅದು. 'ಇನ್ನು ಅರ್ಧ ಗಂಟೆ, ಮೆಲ್ಲಗೆ ಬನ್ನಿ' ಅಂತಲೂ ಅಂದ. ಅವನಿಗೆ ಮುಂದೆ ಹದಿನಾರು ಜನರನ್ನು ನೋಡಬೇಕಿತ್ತು, ಒಂದು ಗಂಟೆಗೆ ಎಲ್ಲರನ್ನೂ ವಾಪಸ್ ಹೊರಡಿಸಬೇಕಿತ್ತು. ಅಷ್ಟರಲ್ಲಿ ಬೇರೆ ಗುಂಪಿನ ಹೆಂಗಸೊಬ್ಬರು ನಮ್ಮ ಹತ್ತಿರ ಬಂದರು. ನರ್ಸ್ ಅಂತೆ. ಮಗಳನ್ನು ನಿಲ್ಲಿಸಿ, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ ಗೆರೆ ಎಳೆದ ಹಾಗೆ ನೇರ ನಡೆಯಲು ಹೇಳಿದರು. ಮಗಳು ಹತ್ತು ಹೆಜ್ಜೆ ಸರಿಯಾಗಿಯೇ ಇಟ್ಟಳು. 'ನೋಡಿ, ಆರಾಮಾಗಿದ್ದೀನಿ, ಹೋಗೋಣ' ಅಂದಳು. ಆಕೆ ತಲೆ ಅಲ್ಲಾಡಿಸಿದರು. ಈ ಪರೀಕ್ಷೆ ಮೇಲೆ ಹೋಗಬಹುದಾ ಅಂತ ನೋಡುವುದಕ್ಕಲ್ಲ, ನೀನು ನಡೆದು ಇಳಿಯುತ್ತೀಯಾ ಅಥವಾ ನಿನ್ನನ್ನು ಹೊತ್ತು ಇಳಿಸಬೇಕಾ ಅಂತ ನೋಡುವುದಕ್ಕೆ ಅಂದರು.

ಇಳಿದೆವು. ಮಗಳು ಅತ್ತಳು, ಕೆರೆ ಅಲ್ಲೇ ಇದೆ ಅಂತ. ಅಲ್ಲೇ ಇತ್ತು, ನಿಜ. ಹಸುಗಳು ಮೇಯುತ್ತಿದ್ದ ಹುಲ್ಲುಗಾವಲು ಬರುವ ಹೊತ್ತಿಗೆ 'ಬಿಸ್ಕತ್ ಇದ್ಯಾ' ಅಂತ ಕೇಳಿದಳು. ಐನೂರು ಮೀಟರ್ ಕೆಳಗೆ ಬಂದಿದ್ದೆವು, ಅಷ್ಟೇ ಮಾಡಿದ್ದು. ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ ಅಂತ ಆಮೇಲೆ ಹುವರಾಸಿನ ಡಾಕ್ಟರೂ ಹೇಳಿದರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಎತ್ತರಕ್ಕೆ ಹೋದರೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಆಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಪಾಲು ಅಷ್ಟೇ ಇರುತ್ತದೆ, ನೂರಕ್ಕೆ ಇಪ್ಪತ್ತೊಂದು. ಕಡಿಮೆ ಆಗುವುದು ಗಾಳಿಯ ಒತ್ತಡ. 4,600 ಮೀಟರಿನಲ್ಲಿ ಅದು ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಂದರೆ ಒಂದು ಉಸಿರಿಗೆ ಸಿಗೋದು ಅರ್ಧ ಉಸಿರಿಗಿಂತ ಸ್ವಲ್ಪ ಜಾಸ್ತಿ. ಅದಕ್ಕೆ ಮೈ ಜೋರಾಗಿ ಉಸಿರಾಡಲು ಶುರು ಮಾಡುತ್ತದೆ. ಜೋರಾಗಿ ಉಸಿರಾಡಿದರೆ ಇಂಗಾಲದ ಡೈ ಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ, ರಕ್ತದ ಹದ ಬದಲಾಗುತ್ತದೆ, ಆಗ ಮೈಯೇ ಉಸಿರಿಗೆ ಬ್ರೇಕ್ ಹಾಕುತ್ತದೆ. ಈ ಬ್ರೇಕ್ ಬಿಡಿಸುವುದು ಮೂತ್ರಪಿಂಡದ ಕೆಲಸ, ಅದಕ್ಕೆ ಕೆಲವು ದಿನ ಬೇಕು. ನೀವು ದಿನಾ ಎಷ್ಟು ಓಡುತ್ತೀರಿ ಅನ್ನುವುದು ನಿಮ್ಮ ಮೂತ್ರಪಿಂಡಕ್ಕೆ ಗೊತ್ತಿಲ್ಲ. ಹಾಗಾಗಿ ಗಟ್ಟಿಮುಟ್ಟಾದವರಿಗೆ ಎತ್ತರ ರಿಯಾಯಿತಿ ಕೊಡುವುದಿಲ್ಲ. ಉಲ್ಟಾ, ಅವರು ಬೇಗ ಬೇಗ ಹತ್ತುವುದರಿಂದ ಬೇಗ ಸಿಕ್ಕಿಬೀಳುತ್ತಾರೆ. ನನ್ನ ಹೊಟ್ಟೆ ನನ್ನನ್ನು ನಿಧಾನ ಮಾಡಿತ್ತು, ಬಹುಶಃ ಅದೇ ನನ್ನನ್ನು ಕಾಪಾಡಿದ್ದು!

ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಇರಬೇಕು. ಹಗಲು ಮೇಲೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಿದರೆ ಒಳ್ಳೆಯದು. ಆ ಲೆಕ್ಕದಲ್ಲಿ ಲಗೂನಾ 69 ಪೂರ್ತಿ ಹುಚ್ಚಾಟವೇನಲ್ಲ, ರಾತ್ರಿ ಹುವರಾಸಿಗೆ ವಾಪಸ್ ಬರುತ್ತೀರಲ್ಲ. ಅದನ್ನು ಮೊದಲನೇ ದಿನವೇ ಮಾಡುವುದು ಹುಚ್ಚಾಟ. ಅಸಿಟಜೋಲಮೈಡ್ ಅನ್ನುವ ಮಾತ್ರೆ ಇದೆ, ಮೂತ್ರಪಿಂಡದ ಆ ಕೆಲಸವನ್ನು ಬೇಗ ಮಾಡಿಸುತ್ತದೆ. ಅದನ್ನು ಹೊರಡುವ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಕೇಳಿಕೊಳ್ಳಬೇಕು, ದಾರಿಯಲ್ಲಿ ಯಾರೋ ಕೊಟ್ಟರು ಅಂತ ನುಂಗುವುದಲ್ಲ. ತಲೆನೋವಿನ ಮಾತ್ರೆ ನುಂಗಿ ಮೇಲೆ ಹತ್ತುವುದಂತೂ ಬೇಡವೇ ಬೇಡ. ನೋವು ಹೋಗುತ್ತದೆ, ಕಾಯಿಲೆ ಅಲ್ಲೇ ಇರುತ್ತದೆ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿದರೆ ಗೊರಗೊರ, ಕುಡಿದವರ ಹಾಗೆ ತೂರಾಟ, ಮಾತು ತೊದಲುವುದು, ಇವು ಕಂಡರೆ ಬೆಳಗಾಗಲಿ ಅಂತಲೂ ಕಾಯಬಾರದು, ಆಗಲೇ ಇಳಿಸಬೇಕು. ಶ್ವಾಸಕೋಶದಲ್ಲಿ ನೀರು ತುಂಬಿ ಇಲ್ಲವೇ ಮಿದುಳು ಊದಿಕೊಂಡು ಜನ ಸಾಯುತ್ತಾರೆ.

ಎರಡು ದಿನ ಹುವರಾಸಿನಲ್ಲೇ ಇದ್ದೆವು. ಮೂರನೇ ದಿನ ಕಣಿವೆಯ ಆಚೆ ಬದಿಯ ವಿಲ್ಕಾಕೋಚಾ ಕೆರೆಗೆ ಹತ್ತಿದೆವು. ಅದು ಸುಮಾರು 3,700 ಮೀಟರ್, ಹಿಮವೂ ಇಲ್ಲ, ನೀಲಿಯೂ ಇಲ್ಲ, ಜೊಂಡು ಬೆಳೆದ ಸಾಧಾರಣ ಕೆರೆ. ಆದರೆ ಅಲ್ಲಿ ಕೂತರೆ ಎದುರಿಗೆ ಕೊರ್ದಿಯೇರಾ ಬ್ಲಾಂಕಾ ಪೂರ್ತಿ ಕಾಣುತ್ತದೆ. ಮೈ ಹದಕ್ಕೆ ಬರಲಿ ಅಂತ ಜನ ಮೊದಲು ಇಲ್ಲಿಗೆ ಹೋಗುತ್ತಾರೆ. ನಿಮ್ಮ ಪುಟದಲ್ಲಿ ಇಂಥ ಕೆರೆಗೆ ಎರಡು ಸಾಲು ಕೊಟ್ಟಿದ್ದರೆ 69ರ ಚಿತ್ರಕ್ಕಿಂತ ಉಪಯೋಗ ಆಗುತ್ತಿತ್ತು.

ಆರನೇ ದಿನ ಮತ್ತೆ 69. ಅದೇ ಹೊಳೆ, ಅದೇ ಹಸುಗಳು. ಈ ಸಲ ಮಗಳು ನನ್ನ ಹಿಂದೆಯೇ ಬಂದಳು, ಹಠ ಮಾಡಿ ನಿಧಾನವಾಗಿ. ಮಾತಾಡುತ್ತ ನಡೆಯಲು ಆಗದಿದ್ದರೆ ಜೋರು ನಡೆಯುತ್ತಿದ್ದೀವಿ ಅಂತ ಅರ್ಥ, ಹಾಗಾಗಿ ದಾರಿಯುದ್ದಕ್ಕೂ ಏನೇನೋ ಹರಟಿದೆವು. ಕೊನೆಯ ಏರು ಮುಗಿದು ಕಲ್ಲುಗಳ ನಡುವೆ ಒಂದು ತಿರುವು, ಆಮೇಲೆ ಎದುರಿಗೇ ಕೆರೆ. ಅದರ ಹಿಂದೆ ಚಕ್ರರಾಹು ಶಿಖರ, 6,108 ಮೀಟರ್. ಮೇಲಿನ ಮಂಜುಗಡ್ಡೆಯಿಂದ ನೀರು ದಾರದ ಹಾಗೆ ಇಳಿದು ಕೆರೆಗೆ ಬೀಳುತ್ತದೆ. ನಡುನಡುವೆ ಎಲ್ಲೋ ಮೇಲೆ ದೊಡ್ಡ ಬಾಗಿಲು ಹಾಕಿದ ಹಾಗೆ ಸದ್ದು ಬರುತ್ತದೆ, ನೋಡಿದರೆ ಏನೂ ಕಾಣುವುದಿಲ್ಲ. ಮಂಜುಗಡ್ಡೆ ಬಿರಿಯುವ ಸದ್ದು ಅದು.

ನಾವು ಹೋದ ಹತ್ತೇ ನಿಮಿಷಕ್ಕೆ ಮೋಡ ಮುಚ್ಚಿತು. ಒಳ್ಳೆಯದೇ ಆಯಿತು ಅನ್ನಬೇಕು, ಇಲ್ಲದಿದ್ದರೆ ಈ ಮಾತು ಬರೆಯಲು ಆಗುತ್ತಿರಲಿಲ್ಲ. ಆಕಾಶದ ನೀಲಿ ನೀರಿನಲ್ಲಿ ಬಿದ್ದು ಕೆರೆ ನೀಲಿಯಾಗಿದೆ ಅಂತ ನಿಮ್ಮ ಲೇಖನದಲ್ಲಿದೆ. ಅವತ್ತು ಆಕಾಶ ಬೂದಿ ಬಣ್ಣ, ಕೆರೆ ಮಾತ್ರ ಹಾಗೇ ನೀಲಿ, ಸ್ವಲ್ಪ ಹಾಲು ಬೆರೆಸಿದ ಹಾಗೆ. ಹಿಮನದಿ ಅಂದರೆ ನಿಂತ ಮಂಜುಗಡ್ಡೆ ಅಲ್ಲ, ಅದು ತನ್ನ ಭಾರಕ್ಕೇ ನಿಧಾನವಾಗಿ ಜಾರುತ್ತಿರುತ್ತದೆ. ಜಾರುವಾಗ ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲುಗಳು ಬಂಡೆಯನ್ನು ಬೀಸುವ ಕಲ್ಲಿನ ಹಾಗೆ ಅರೆಯುತ್ತವೆ. ಅದರಿಂದ ಬರುವ ಪುಡಿ ಹಿಟ್ಟಿಗಿಂತ ನಯ, ತಳಕ್ಕೆ ಇಳಿಯದೆ ನೀರಿನಲ್ಲೇ ತೇಲಾಡುತ್ತಿರುತ್ತದೆ. ಬೆಳಕಿನ ಕೆಂಪನ್ನು ನೀರು ನುಂಗುತ್ತದೆ, ನೀಲಿ ಹಸಿರನ್ನು ಈ ಪುಡಿ ಚದುರಿಸಿ ನಮ್ಮ ಕಣ್ಣಿಗೆ ಎಸೆಯುತ್ತದೆ. ಅಂದರೆ ಆ ಬಣ್ಣ ಅರೆದ ಕಲ್ಲಿನದು. ಮೇಲಿನ ಹಿಮನದಿ ಪೂರ್ತಿ ಕರಗಿಹೋದರೆ ಪುಡಿಯೂ ನಿಲ್ಲುತ್ತದೆ, ಬಣ್ಣವೂ ಮೆಲ್ಲಗೆ ಹೋಗುತ್ತದೆ.

ಒಬ್ಬ ಹುಡುಗ ಅಂಗಿ ಬಿಚ್ಚಿ ನೀರಿಗೆ ಹಾರಿದ. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು, ಫೋನ್ ಹಿಡಿದರು. ಹೊರಗೆ ಬಂದಾಗ ಅವನ ಬಾಯಿಂದ ಮಾತೇ ಹೊರಡಲಿಲ್ಲ, ಹಲ್ಲು ಕಟಕಟ, ತನ್ನ ಅಂಗಿಗೆ ತಾನೇ ಕೈ ಹಾಕಲಾರದೆ ಇಬ್ಬರು ಸೇರಿ ತೊಡಿಸಿದರು. ಅಷ್ಟು ತಣ್ಣನೆಯ ನೀರಿಗೆ ದಿಢೀರ್ ಬಿದ್ದರೆ ಮೈ ತಾನಾಗೇ ಬಾಯಿ ತೆರೆದು ಉಸಿರೆಳೆಯುತ್ತದೆ. ಆ ಕ್ಷಣಕ್ಕೆ ತಲೆ ನೀರಿನೊಳಗಿದ್ದರೆ ಉಸಿರಿನ ಬದಲು ನೀರು. ಈಜು ಎಷ್ಟು ಬರುತ್ತದೆ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅವನ ಅದೃಷ್ಟ, ದಡದ ಹತ್ತಿರವೇ ಹಾರಿದ್ದ.

ನಿಮ್ಮ ಲೇಖನದಲ್ಲಿ ಇನ್ನೊಂದು ಮಾತಿದೆ, 'ಮುಗ್ಧ ಸರೋವರಗಳು' ಅಂತ. ಬರೆದವರು ಪ್ರೀತಿಯಿಂದ ಬರೆದಿರಬೇಕು. ಹುವರಾಸಿನ ಹಿರಿಯರ ಮುಂದೆ ಮಾತ್ರ ಈ ಮಾತು ಆಡಬಾರದು. 1941ರ ಡಿಸೆಂಬರ್ 13ರ ಬೆಳಗ್ಗೆ ಆ ಊರಿನ ಮೇಲಿರುವ ಪಾಲ್ಕಾಕೋಚಾ ಅನ್ನುವ ಇಂಥದ್ದೇ ಕೆರೆ ಒಡೆಯಿತು. ಕೋಚಾ ಅಂದರೆ ಕೆಚುವಾ ಭಾಷೆಯಲ್ಲಿ ಕೆರೆ. ಈ ಕೆರೆಗಳಿಗೆ ಕಟ್ಟೆ ಅಂತ ಇರುವುದು ಹಿಮನದಿ ತಳ್ಳಿಕೊಂಡು ಬಂದು ಬಿಟ್ಟುಹೋದ ಕಲ್ಲುಮಣ್ಣಿನ ರಾಶಿ, ಯಾರೂ ಲೆಕ್ಕ ಹಾಕಿ ಕಟ್ಟಿದ್ದಲ್ಲ. ಮೇಲಿನಿಂದ ಒಂದು ದೊಡ್ಡ ಮಂಜುಗಡ್ಡೆ ಬಿದ್ದು ಅಲೆ ಎದ್ದರೆ ಸಾಕು, ನೀರು ಕಟ್ಟೆಯನ್ನು ಕೊರೆದುಕೊಂಡು ಹೋಗುತ್ತದೆ. ಅವತ್ತು ಹುವರಾಸಿನ ದೊಡ್ಡ ಭಾಗ ಕೊಚ್ಚಿಹೋಯಿತು. ಸತ್ತವರು ಕಡಿಮೆಯೆಂದರೂ 1,800, ಅದಕ್ಕಿಂತ ತುಂಬಾ ಜಾಸ್ತಿ ಅನ್ನುವವರೂ ಇದ್ದಾರೆ. ಅದಾದ ಮೇಲೆ ಪೆರುವಿನವರು ಎಷ್ಟೋ ಕೆರೆಗಳಿಗೆ ಕಟ್ಟೆ ಭದ್ರ ಮಾಡಿದರು, ಸುರಂಗ ಕೊರೆದು ನೀರು ಇಳಿಸಿದರು. ಆ ಕೆಲಸದಲ್ಲಿ ಅವರಷ್ಟು ಪಳಗಿದವರು ಕಡಿಮೆ.

ಪಾಲ್ಕಾಕೋಚಾ ಈಗ ಮತ್ತೆ ತುಂಬಿಕೊಂಡಿದೆ, ಪೈಪು ಹಾಕಿ ನೀರು ಎಳೆಯುತ್ತಿದ್ದಾರೆ. ಹುವರಾಸಿನ ಒಬ್ಬ ರೈತ, ಬೆಟ್ಟದ ಗೈಡ್ ಕೂಡ, ಜರ್ಮನಿಯ ಆರ್‌ಡಬ್ಲ್ಯುಇ ಅನ್ನುವ ವಿದ್ಯುತ್ ಕಂಪನಿಯ ಮೇಲೆ 2015ರಲ್ಲಿ ಅಲ್ಲಿಯ ಕೋರ್ಟಿಗೇ ಹೋದರು. ನಿಮ್ಮ ಹೊಗೆಯಿಂದ ನಮ್ಮ ಹಿಮ ಕರಗಿ ಕೆರೆ ತುಂಬಿದೆ, ಊರು ಕಾಯುವ ಖರ್ಚಿನಲ್ಲಿ ನಿಮ್ಮ ಪಾಲು ಕೊಡಿ ಅಂತ. 2025ರ ಮೇ ತಿಂಗಳಲ್ಲಿ ಕೋರ್ಟು ಅವರ ಕೇಸು ವಜಾ ಮಾಡಿತು, ಅವರ ಮನೆಗೆ ಇರುವ ಅಪಾಯ ಸಾಕಷ್ಟು ಹತ್ತಿರದ್ದಲ್ಲ ಅಂತ. ಆದರೆ ಇಂಥ ಕಂಪನಿಗಳನ್ನು ತಾತ್ವಿಕವಾಗಿ ಹೊಣೆ ಮಾಡಬಹುದು ಅಂತಲೂ ಅದೇ ತೀರ್ಪಿನಲ್ಲಿ ಹೇಳಿತು. ಹತ್ತು ವರ್ಷ ಓಡಾಡಿದ್ದಕ್ಕೆ ಸಿಕ್ಕಿದ್ದು ಆ ಒಂದು ಮಾತು. ಕಡಿಮೆಯದ್ದೇನಲ್ಲ.

69ಕ್ಕೆ ಹೋಗುವ ವ್ಯಾನ್ ಮುಖ್ಯ ರಸ್ತೆ ಬಿಟ್ಟು ಬೆಟ್ಟಕ್ಕೆ ತಿರುಗುವ ಊರು ಯುಂಗಾಯ್. 1970ರ ಮೇ 31ರ ಭೂಕಂಪದಲ್ಲಿ ಹುವಸ್ಕರಾನ್ ಶಿಖರದ ಒಂದು ಪಕ್ಕ ಕಳಚಿ, ಮಂಜು ಕಲ್ಲು ಮಣ್ಣು ಎಲ್ಲ ಸೇರಿ ನಿಮಿಷಗಳಲ್ಲಿ ಈ ಊರಿನ ಮೇಲೆ ಬಂತು. ಎತ್ತರದಲ್ಲಿದ್ದ ಸ್ಮಶಾನದ ಗುಡ್ಡಕ್ಕೆ ಓಡಿದ ಕೆಲವರು ಬದುಕಿದರು. ಹಳೇ ಊರು ಈಗಲೂ ಅಲ್ಲೇ ಮಣ್ಣಿನಡಿ ಇದೆ, ಅಗೆದಿಲ್ಲ, ಹೊಸ ಊರು ಪಕ್ಕಕ್ಕೆ ಕಟ್ಟಿಕೊಂಡಿದ್ದಾರೆ. ಬೆಳಗಿನ ಜಾವ ವ್ಯಾನಿನಲ್ಲಿ ತೂಕಡಿಸುತ್ತ ನಾವು ಆ ಜಾಗ ದಾಟಿದ್ದೆವು. ಎರಡನೇ ಸಲ ಎಚ್ಚರ ಇದ್ದು ನೋಡಿದೆ.

ಸರಿ, ಬೂಟಿನ ವಿಷಯಕ್ಕೆ ಬರುತ್ತೇನೆ. ಉಳಿದ ಮೂರಕ್ಕೆ ನಾನು ಹೋಗಿಲ್ಲ, ಪೆಟ್ಟು ತಿಂದ ಮೇಲೆ ಓದಿ ತಿಳಿದುಕೊಂಡಿದ್ದು. ಲಗೂನಾ ದೆ ಲೋಸ್ ತ್ರೆಸ್ ಇರುವುದು ಸುಮಾರು 1,170 ಮೀಟರಿನಲ್ಲಿ, ಫಿಟ್ಸ್ ರಾಯ್ ಶಿಖರದ ಬುಡದಲ್ಲಿ. ಅಲ್ಲಿ ಸೊರೊಚೆ ಭಯವಿಲ್ಲ. ಅಲ್ಲಿಯ ಪರೀಕ್ಷೆ ಮೊಣಕಾಲಿಗೆ, ಜೊತೆಗೆ ಗಾಳಿ ಬೇರೆ. ಎಲ್ ಚಾಲ್ತೆನ್ ಊರಿನಿಂದ ಹೋಗಿ ಬರಲು ಇಪ್ಪತ್ತು ಕಿಲೋಮೀಟರ್, ಪೂರ್ತಿ ಒಂದು ದಿನ, ಅದರಲ್ಲಿ ಕೊನೆಯ ಒಂದೇ ಕಿಲೋಮೀಟರಿನಲ್ಲಿ ಸುಮಾರು 400 ಮೀಟರ್ ಏರಬೇಕು, ಅದೂ ಸಡಿಲ ಕಲ್ಲಿನ ಮೇಲೆ. ಪಟಗೋನಿಯಾದ ಗಾಳಿ ಒಮ್ಮೊಮ್ಮೆ ಮನುಷ್ಯನನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಹತ್ತುವಾಗ ಎಲ್ಲರೂ ಹತ್ತುತ್ತಾರೆ, ಇಳಿಯುವಾಗ ಗೊತ್ತಾಗುವುದು.

ಮೊರೇನ್ ಲೇಕಿಗೆ ಬಸ್ಸು ಕೆರೆಯ ಹತ್ತಿರಕ್ಕೇ ಹೋಗುತ್ತದೆ. ಸ್ವಂತ ಕಾರಿನಲ್ಲಿ ಹೋಗುವ ಹಾಗಿಲ್ಲ, 2023ರಿಂದ ಬಿಡುವುದಿಲ್ಲ, ಆ ಮಟ್ಟಕ್ಕೆ ಜನಜಂಗುಳಿ. ಆ ಪ್ರಸಿದ್ಧ ಚಿತ್ರ ತೆಗೆಯುವ ಕಲ್ಲುಗುಡ್ಡೆಗೆ ಹತ್ತು ಹದಿನೈದು ನಿಮಿಷ ಸಾಕು. ಅಲ್ಲಿಂದ ಮುಂದೆ ಬೆಟ್ಟದ ದಾರಿ ಹಿಡಿದರೆ ಮಾತ್ರ ಕರಡಿಯ ಯೋಚನೆ. ಕೆಲವು ದಾರಿಗಳಲ್ಲಿ ಕೆಲವು ತಿಂಗಳು ಕಡಿಮೆಯೆಂದರೂ ನಾಲ್ಕು ಜನ ಒಟ್ಟಿಗೆ, ಅಂಟಿಕೊಂಡ ಹಾಗೆ ನಡೆಯಬೇಕು ಅಂತ ಕಾನೂನೇ ಇದೆ. ಇಬ್ಬರೇ ಹೋದರೆ ಇನ್ನಿಬ್ಬರು ಬರುವ ತನಕ ಕಾಯಬೇಕು. ನಿಮ್ಮ ಪುಟದಲ್ಲಿ ಕರಡಿಯೂ ಇಲ್ಲ, ಕಾರಿನ ನಿಯಮವೂ ಇಲ್ಲ.

ಯೊಕುಲ್ಸಾರ್ಲೋನಿಗೆ ಚಾರಣವೇ ಬೇಡ. ಮುಖ್ಯ ರಸ್ತೆಯ ಪಕ್ಕದಲ್ಲೇ ಇದೆ, ಕಾರು ನಿಲ್ಲಿಸಿ ಇಳಿದರೆ ಎದುರಿಗೇ ಮಂಜುಗಡ್ಡೆಗಳು ತೇಲುತ್ತಿರುತ್ತವೆ. ಆ ಕೆರೆ ಹುಟ್ಟಿದ್ದೇ 1930ರ ದಶಕದಲ್ಲಿ, ಹಿಮನದಿ ಹಿಂದೆ ಸರಿದಾಗ. ನೂರು ವರ್ಷ ಆಗುವ ಮೊದಲೇ ಅದು ಐಸ್‌ಲ್ಯಾಂಡಿನ ಅತಿ ಆಳದ ಕೆರೆ ಆಗಿದೆ, 248 ಮೀಟರ್. ಅಲ್ಲಿ ಎಚ್ಚರ ಬೇಕಾಗಿರುವುದು ಮಂಜುಗಡ್ಡೆಯಿಂದ. ನೀರಿನಲ್ಲಿ ತೇಲುವ ತುಂಡು ಯಾವಾಗ ಮಗುಚುತ್ತದೆ ಅಂತ ಹೇಳಲಾಗದು, ಅದರ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವುದು ಪ್ರಾಣದ ಜೊತೆ ಜೂಜು. 2024ರ ಆಗಸ್ಟಿನಲ್ಲಿ ಕೆರೆಯ ಮೇಲಿನ ಹಿಮನದಿಯಲ್ಲಿ ಐಸ್ ಕುಸಿದು ಗೈಡ್ ಜೊತೆ ಹೋಗಿದ್ದ ಪ್ರವಾಸಿಗರಲ್ಲಿ ಒಬ್ಬರು ಸತ್ತರು. ಬೇಸಿಗೆ ಕಾಲ ಅದು, ಐಸ್ ಮೆತ್ತಗಾಗಿರುವ ಕಾಲ.

ಒಂದಕ್ಕೆ ಮೂತ್ರಪಿಂಡ ಹದವಾಗಬೇಕು, ಒಂದಕ್ಕೆ ಮೊಣಕಾಲು ಗಟ್ಟಿ ಇರಬೇಕು, ಒಂದಕ್ಕೆ ಬಸ್ ಟಿಕೆಟ್ ಬೇಕು, ಒಂದಕ್ಕೆ ದಡದಲ್ಲಿ ನಿಲ್ಲುವ ಬುದ್ಧಿ ಬೇಕು. ಎಲ್ಲಕ್ಕೂ ಎರಡೆರಡು ಬೂಟು ಹಾಕಿದರೆ ಹೇಗೆ ಸ್ವಾಮಿ?

ಬೂಟು ತೆಗೆದುಬಿಡಿ ಅಂತ ನಾನು ಹೇಳುವುದಿಲ್ಲ. ಅದರ ಪಕ್ಕ ಮೂರು ಅಂಕಿ ಹಾಕಿ, ಸಾಕು. ಕೆರೆ ಎಷ್ಟು ಎತ್ತರದಲ್ಲಿದೆ, ಹಿಂದಿನ ರಾತ್ರಿ ಮಲಗುವ ಊರು ಎಷ್ಟು ಎತ್ತರದಲ್ಲಿದೆ, ಎಷ್ಟು ಗಂಟೆಗೆ ಎಲ್ಲಿದ್ದರೂ ವಾಪಸ್ ತಿರುಗಬೇಕು. ಮೂರನೆಯದು ತುಂಬಾ ಮುಖ್ಯ, ಯಾಕಂದರೆ ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕವಿಯುತ್ತದೆ, ಜನಕ್ಕೆ ಅಷ್ಟು ಹೊತ್ತಿಗೆ 'ಇಷ್ಟು ದೂರ ಬಂದಿದ್ದೀವಿ' ಅನ್ನುವ ಹಠ ಹತ್ತಿರುತ್ತದೆ. ಲಗೂನಾ 69ಕ್ಕಾದರೆ ಹೀಗೆ ಬರೆಯಬಹುದು: 4,600 ಮೀಟರ್, 3,050 ಮೀಟರ್, ಮಧ್ಯಾಹ್ನ 1 ಗಂಟೆ. ಅರ್ಧ ಸಾಲೂ ಆಗುವುದಿಲ್ಲ. ಆಸೆ ಜಾಸ್ತಿ ಆಯಿತು ಅಂದುಕೊಳ್ಳದಿದ್ದರೆ ಇನ್ನೊಂದು ಸಾಲು: ಹುವರಾಸಿನಲ್ಲಿ ಮೊದಲು ಮೂರು ರಾತ್ರಿ ಕಳೆಯಿರಿ. ಮತ್ತೆ ಮೇ ತಿಂಗಳಿಂದ ಸೆಪ್ಟೆಂಬರ್ ಅಲ್ಲಿ ಮಳೆ ಇಲ್ಲದ ಕಾಲ, ಅದನ್ನೂ ಸೇರಿಸಿದರೆ ಪುಣ್ಯ ಬರುತ್ತದೆ.

ಇಷ್ಟೆಲ್ಲ ಬರೆದರೆ ಓದುವವರಿಗೆ ಹೆದರಿಕೆ ಆಗಿ ಯಾರೂ ಹೋಗುವುದಿಲ್ಲ ಅಂತ ನಿಮ್ಮ ಲೇಖಕರು ಹೇಳಬಹುದು. ನನ್ನ ಮಗಳು ಮುಂದಿನ ವರ್ಷ ಮತ್ತೆ ಹೊರಟಿದ್ದಾಳೆ, ಗೆಳತಿಯರ ಜೊತೆ, ಇನ್ನೂ ಎತ್ತರಕ್ಕೆ. ಮೊನ್ನೆ ಅವಳ ಪಟ್ಟಿ ನೋಡಿದೆ. ದಿನಾಂಕದ ಪಕ್ಕ ಊರಿನ ಹೆಸರಿಲ್ಲ, ಬರೀ ಮೀಟರ್ ಬರೆದಿದ್ದಾಳೆ.

ಕೊನೆಗೆ ಒಂದು ತಿದ್ದುಪಡಿ. ಲಗೂನಾ 69 ಅಂತ ಹಾಕಿರುವ ಮೊದಲನೇ ಚಿತ್ರ ಲಗೂನಾ 69ರದ್ದಲ್ಲ. ದಡದಲ್ಲಿ ಕೆಂಪು ತೊಗಟೆಯ ಮರಗಳಿವೆ, ಎಡಮೂಲೆಯಲ್ಲಿ ಹುಟ್ಟು ಹಾಕುವ ದೋಣಿಗಳಿವೆ, ನೋಡಿ. 69ರ ದಡದಲ್ಲಿ ಮರವೂ ಇಲ್ಲ, ದೋಣಿಯೂ ಇಲ್ಲ. ಅದು ದಾರಿಯಲ್ಲಿ ಸಿಗುವ ಚಿನಾನ್‌ಕೋಚಾ, ಹೆಣ್ಣು ಕೆರೆ ಅಂತ ಅರ್ಥ. ಅಲ್ಲಿಗೆ ವ್ಯಾನ್ ದಡದವರೆಗೂ ಹೋಗುತ್ತದೆ. ಅದಕ್ಕೆ ಒಂದು ಬೂಟೂ ಬೇಡ, ಚಪ್ಪಲಿ ಸಾಕು.

ಇತಿ,
ನಿಮ್ಮ ಹಳೆಯ ಓದುಗ